ಮಹಾಕಾವ್ಯವೂ ದರ್ಶನವೂ: ವರ್ಜಿಲ ಮತ್ತು ರನ್ನ

ಕಾವ್ಯಕ್ಕೂ ತತ್ತ್ವಶಾಸ್ತ್ರಕ್ಕೂ ಎಣ್ಣೆ-ಸೀಗೆಕಾಯಿಯ ಸಂಬಂಧವೆಂದು ನಂಬಿದ ವಾಚಕರು ನಮ್ಮಲ್ಲಿ ಬಹಳ ಮಂದಿ. ಅವರ ನಂಬಿಕೆಗೆ ಆಧಾರವಿಲ್ಲದೆ ಇಲ್ಲ. ಹಳೆಯ ಜೈನಪುರಾಣವೊಂದನ್ನು ಕೈಗೆತ್ತಿಕೊಂಡವರು, ಕಥೆಯ ನಡುವೆ ಆಸ್ರವ, ಬಂಧ, ನಿರ್ಜರೆಗಳ ವಿವರಣೆ ಬಂದೊಡನೆ ನಾಲ್ಕು ಹಾಳೆ ಮಗುಚಿ ಮುಂದೆ ಹೋಗುತ್ತಾರೆ. ನಾನೂ ಹಾಗೆ ಮಾಡಿದವನೇ. ಕಾಲೇಜಿನಲ್ಲಿದ್ದಾಗ ರನ್ನನ ‘ಗದಾಯುದ್ಧ’ದ ಪದ್ಯಗಳನ್ನು ಬಾಯಿಪಾಠ ಮಾಡಿದೆ, ಅವನದೇ ‘ಅಜಿತಪುರಾಣ’ವನ್ನು ಪರೀಕ್ಷೆಗೆ ಬೇಕಾದಷ್ಟೇ ನೋಡಿದೆ. ಒಂದು ಕಾವ್ಯ, ಇನ್ನೊಂದು ಧರ್ಮ. ಹೀಗೆ ಎರಡು ಕಪಾಟಿನಲ್ಲಿ ಇಟ್ಟುಬಿಟ್ಟರೆ ಓದುವವನ ಕೆಲಸ ಹಗುರ. ಈ ಏರ್ಪಾಡು ಸರಿಯಲ್ಲವೆಂಬ ಅನುಮಾನವನ್ನು ನನ್ನಲ್ಲಿ ಮೊದಲು ಹುಟ್ಟಿಸಿದವನು ಕನ್ನಡ ಕವಿಯಲ್ಲ. ಲ್ಯಾಟಿನ್ ಭಾಷೆಯ ವರ್ಜಿಲ. ಆದ್ದರಿಂದ ಮೊದಲು ಅವನ ಮಾತು.

ವರ್ಜಿಲನ ಹೆಸರು ಕನ್ನಡಿಗರಿಗೆ ಹೊಸದಲ್ಲ. ಕುವೆಂಪು ಅವರು ೧೯೪೯ರಲ್ಲಿ ಪ್ರಕಟವಾದ ‘ಶ್ರೀ ರಾಮಾಯಣ ದರ್ಶನಂ’ ಕಾವ್ಯದ ಆರಂಭದಲ್ಲಿಯೇ ಹೋಮರ, ಡಾಂಟೆ, ಮಿಲ್ಟನ್ನರ ಜೊತೆಗೆ ಅವನಿಗೂ ನಮಸ್ಕಾರ ಸಲ್ಲಿಸಿದ್ದಾರೆ. ಕ್ರಿಸ್ತಪೂರ್ವ ೭೦ರಲ್ಲಿ ಇಟಲಿಯ ಮಾಂಟುವಾದ ಹತ್ತಿರ ಹುಟ್ಟಿದ ಈ ಕವಿ ತರುಣನಾಗಿದ್ದಾಗ ನೇಪಲ್ಸಿನ ಬಳಿ ಸೈರೋ ಎಂಬ ಗುರುವಿನಲ್ಲಿ ತತ್ತ್ವಶಾಸ್ತ್ರವನ್ನು ಕಲಿತನೆಂದು ಹಳೆಯ ಚರಿತ್ರೆಗಳು ಹೇಳುತ್ತವೆ. ಸೈರೋ ಎಪಿಕ್ಯೂರಸನ ಪಂಥದವನು. ಈ ಮಾತನ್ನು ಬರಿಯ ದಂತಕಥೆಯೆಂದು ತಳ್ಳಿಹಾಕುವವರೂ ಇದ್ದರು. ಆದರೆ ಕ್ರಿಸ್ತಶಕ ೭೯ರಲ್ಲಿ ವೆಸೂವಿಯಸ್ ಅಗ್ನಿಪರ್ವತದ ಕೆಳಗೆ ಹೂತುಹೋದ ಹರ್ಕ್ಯುಲೇನಿಯಮ್ ಊರಿನಲ್ಲಿ ಸುಟ್ಟು ಕರಕಾದ ಸುರುಳಿಗಳು ಸಿಕ್ಕಿವೆಯಷ್ಟೆ. ಅವುಗಳಲ್ಲಿ ಫಿಲೋಡೀಮಸ್ ಎಂಬ ಎಪಿಕ್ಯೂರಿಯನ್ ಪಂಡಿತನ ಗ್ರಂಥವೊಂದರಲ್ಲಿ ವರ್ಜಿಲನನ್ನೂ ಅವನ ಮೂವರು ಗೆಳೆಯರನ್ನೂ ಹೆಸರು ಹಿಡಿದು ಸಂಬೋಧಿಸಿರುವುದನ್ನು ೧೯೮೯ರಲ್ಲಿ ಇಟಲಿಯ ವಿದ್ವಾಂಸರು ಓದಿ ಪ್ರಕಟಿಸಿದರು. ಕವಿಯು ದರ್ಶನದ ಮನೆಯ ಹೊರಜಗುಲಿಯಲ್ಲಿ ಕುಳಿತವನಲ್ಲ, ಒಳಗೆ ಹೋಗಿ ಬಂದವನೇ.

ಇಂಥವನು ‘ಈನೀಡ್’ ಎಂಬ ಮಹಾಕಾವ್ಯವನ್ನು ಹನ್ನೆರಡು ಸರ್ಗಗಳಲ್ಲಿ ಬರೆದ. ಟ್ರಾಯ್ ನಗರ ಸುಟ್ಟುಹೋದ ಮೇಲೆ ಈನಿಯಾಸನೆಂಬ ವೀರನು ಸಮುದ್ರ ದಾಟಿ ಇಟಲಿಗೆ ಬಂದು, ಮುಂದೆ ರೋಮನ್ ಜನಾಂಗವಾಗಬೇಕಾದ ವಂಶವನ್ನು ನೆಲೆಗೊಳಿಸುವುದು ಅದರ ಕಥೆ. ಆರನೆಯ ಸರ್ಗದಲ್ಲಿ ಈನಿಯಾಸನು ಬದುಕಿರುವಾಗಲೇ ಮೃತ್ಯುಲೋಕಕ್ಕೆ ಇಳಿದು ತನ್ನ ಸತ್ತ ತಂದೆ ಆಂಕೈಸಿಸನನ್ನು ಕಾಣುತ್ತಾನೆ. ತಂದೆ ಮಗನಿಗೆ ತತ್ತ್ವೋಪದೇಶ ಮಾಡುತ್ತಾನೆ. ಜಗತ್ತನ್ನೆಲ್ಲ ಒಂದು ಚೈತನ್ಯ ವ್ಯಾಪಿಸಿದೆ. ಜೀವಗಳು ಅದರ ಕಿಡಿಗಳು. ದೇಹದ ಸಂಗದಿಂದ ಅವಕ್ಕೆ ಕೊಳೆ ಹತ್ತುತ್ತದೆ. ಗಾಳಿ, ನೀರು, ಬೆಂಕಿಗಳಿಂದ ಶುದ್ಧಿಯಾಗಿ, ಸಾವಿರ ವರ್ಷ ಕಳೆದು, ಮರೆವಿನ ನದಿಯ ನೀರು ಕುಡಿದು ಮತ್ತೆ ಹುಟ್ಟುತ್ತವೆ. ನಮ್ಮವರು ಇದನ್ನು ಓದಿದರೆ ಯಾವುದೋ ಹರಿಕಥೆ ಕೇಳಿದಂತೆಯೇ ಇರುತ್ತದೆ! ಇದರಲ್ಲಿ ಸ್ಟೋಯಿಕರ ವಿಶ್ವಚೈತನ್ಯವಿದೆ, ಪ್ಲೇಟೋ ಮತ್ತು ಪೈಥಾಗೊರಸರ ಪುನರ್ಜನ್ಮವಿದೆ. ಇಲ್ಲದಿರುವುದು ಒಂದೇ: ಕವಿ ತಾನು ಕಲಿತ ಎಪಿಕ್ಯೂರಸನ ಮತ. ಆ ಮತದಲ್ಲಿ ದೇಹದೊಡನೆ ಜೀವವೂ ಚದುರಿಹೋಗುತ್ತದೆ, ಮರುಹುಟ್ಟೆಂಬುದಿಲ್ಲ. ಅಷ್ಟೇ ಅಲ್ಲ, ಇಷ್ಟೆಲ್ಲ ಉಪದೇಶ ಕೇಳಿಸಿದ ಮೇಲೆ ಕವಿಯು ತನ್ನ ನಾಯಕನನ್ನು ಮೇಲಿನ ಲೋಕಕ್ಕೆ ಕಳಿಸುವುದು ದಂತದ ಬಾಗಿಲಿನಿಂದ. ಸುಳ್ಳು ಕನಸುಗಳು ಹೊರಡುವ ಬಾಗಿಲು ಅದು. ಎರಡು ಸಾವಿರ ವರ್ಷಗಳಿಂದ ಪಂಡಿತರು ಈ ಬಾಗಿಲಿನ ಮುಂದೆ ನಿಂತು ತಲೆ ಕೆರೆದುಕೊಳ್ಳುತ್ತಿದ್ದಾರೆ.

ವರ್ಜಿಲನಿಗಿಂತ ಮೊದಲು ಲುಕ್ರೀಷಿಯಸ್ ಎಂಬ ಕವಿಯು ಎಪಿಕ್ಯೂರಸನ ಪರಮಾಣುವಾದವನ್ನೇ ಆರು ಸರ್ಗಗಳ ಕಾವ್ಯವನ್ನಾಗಿ ಮಾಡಿದ್ದ. ವರ್ಜಿಲನ ತರುವಾಯ ಓವಿಡನು ತನ್ನ ರೂಪಾಂತರಗಳ ಕಾವ್ಯದ ಕೊನೆಯ ಸರ್ಗದಲ್ಲಿ ಪೈಥಾಗೊರಸನಿಂದಲೇ ದೀರ್ಘವಾದ ಭಾಷಣ ಮಾಡಿಸಿದ. ಲೂಕನ್ ಸ್ಟೋಯಿಕರ ಆದರ್ಶಪುರುಷನಾದ ಕೇಟೋನನ್ನು ತನ್ನ ಯುದ್ಧಕಾವ್ಯದ ನಡುವೆ ನಿಲ್ಲಿಸಿದ. ಇವರೆಲ್ಲರಲ್ಲಿ ತತ್ತ್ವ ಎಲ್ಲಿದೆಯೆಂದು ಬೆರಳಿಟ್ಟು ತೋರಿಸಬಹುದು. ವರ್ಜಿಲನ ಹಿರಿಮೆ ಇರುವುದು ಬೆರಳಿಗೆ ಸಿಗದ ಕಡೆಯಲ್ಲಿ.

ಕಾವ್ಯದ ಕೊನೆಯನ್ನು ನೋಡಿ. ಈನಿಯಾಸನಿಗೂ ಅವನ ಎದುರಾಳಿ ಟರ್ನಸನಿಗೂ ದ್ವಂದ್ವಯುದ್ಧ. ಈನಿಯಾಸನ ಈಟಿ ಟರ್ನಸನ ತೊಡೆಯನ್ನು ಹಾಯುತ್ತದೆ. ತೊಡೆಯನ್ನು! ಅವನು ಮಂಡಿಯೂರಿ ಬೀಳುತ್ತಾನೆ. ಕೈ ಚಾಚಿ, ಸೋತೆನೆಂದು ಒಪ್ಪಿ, ಮುದಿ ತಂದೆಯ ಮುಖ ನೋಡಿಯಾದರೂ ಬಿಡು ಎಂದು ಕೇಳುತ್ತಾನೆ. ಶರಣಾದವರನ್ನು ಉಳಿಸಬೇಕು, ಸೊಕ್ಕಿದವರನ್ನು ಮುರಿಯಬೇಕು ಎಂಬುದು ಆರನೆಯ ಸರ್ಗದಲ್ಲಿ ಆಂಕೈಸಿಸನು ಹೇಳಿದ್ದ ರಾಜಧರ್ಮ. ಈನಿಯಾಸನ ಕೈ ತಡೆಯುತ್ತದೆ. ಅಷ್ಟರಲ್ಲಿ ಟರ್ನಸನ ಹೆಗಲ ಮೇಲೆ ಒಂದು ಪಟ್ಟಿ ಕಾಣುತ್ತದೆ. ಟರ್ನಸನಿಂದ ಹತನಾದ ಹುಡುಗ ಪ್ಯಾಲಸನ ಪಟ್ಟಿ ಅದು. ಈನಿಯಾಸನ ಕೈಗೆ ಅವನ ತಂದೆ ಒಪ್ಪಿಸಿದ್ದ ಹುಡುಗ. ಕೋಪ ಹೊತ್ತಿ ಉರಿಯುತ್ತದೆ. ಕತ್ತಿ ಇಳಿಯುತ್ತದೆ. ಸತ್ತವನ ಜೀವ ನರಳುತ್ತ ಕತ್ತಲೆಗೆ ಹೋಗುತ್ತದೆ. ಕಾವ್ಯ ಮುಗಿಯಿತು. ಪಟ್ಟಾಭಿಷೇಕವಿಲ್ಲ, ಮದುವೆಯಿಲ್ಲ, ಫಲಶ್ರುತಿಯಿಲ್ಲ.

ಈ ಕೋಪ ಸರಿಯೋ ತಪ್ಪೋ? ಅಂದಿನ ದರ್ಶನಗಳೆಲ್ಲ ಕೋಪದ ವಿಷಯದಲ್ಲಿ ಖಚಿತವಾದ ಅಭಿಪ್ರಾಯ ಇಟ್ಟುಕೊಂಡಿದ್ದವು. ಕೋಪವನ್ನು ಬೇರುಸಹಿತ ಕೀಳಬೇಕೆಂದವರು ಸ್ಟೋಯಿಕರು. ಕೋಪಿಸಬೇಕಾದಲ್ಲಿ ಕೋಪಿಸದವನು ಮೂರ್ಖನೆಂದವನು ಅರಿಸ್ಟಾಟಲ್. ಸಹಜವಾದ ಕೋಪ ಬೇರೆ, ಪೊಳ್ಳು ಕೋಪ ಬೇರೆಯೆಂದು ಭೇದ ಮಾಡಿದವನು ಮೇಲೆ ಹೇಳಿದ ಫಿಲೋಡೀಮಸನೇ. ಕೋಪದ ಮೇಲೆಯೇ ಅವನದೊಂದು ಗ್ರಂಥವಿದೆ. ಈ ಮೂವರೂ ಈನಿಯಾಸನ ಕತ್ತಿಯನ್ನು ಕುರಿತು ಮೂರು ತೀರ್ಪು ಕೊಡುತ್ತಿದ್ದರು. ಹಳೆಯ ವ್ಯಾಖ್ಯಾನಕಾರ ಸರ್ವಿಯಸನು, ಬಿಡಬೇಕೆಂದು ಯೋಚಿಸಿದ್ದೂ ಕೊಂದದ್ದೂ ಎರಡೂ ನಾಯಕನ ಕೀರ್ತಿಗೇ ಎಂದ. ಕ್ರೈಸ್ತ ಲೇಖಕ ಲ್ಯಾಕ್ಟಾನ್ಷಿಯಸನು ಇವನೆಂಥ ಧರ್ಮಾತ್ಮನೆಂದು ಕೇಳಿದ. ವರ್ಜಿಲನು ಮಾತ್ರ ಬಾಯಿ ಬಿಡುವುದಿಲ್ಲ. ತತ್ತ್ವವನ್ನು ಬಾಯಿಬಿಟ್ಟು ಹೇಳಿದ ಆರನೆಯ ಸರ್ಗಕ್ಕಿಂತ, ಅದು ಮುರಿದುಬೀಳುವ ಈ ಗಳಿಗೆಯಲ್ಲಿಯೇ ತತ್ತ್ವದ ಪ್ರಭಾವ ಹೆಚ್ಚು. ಉಪದೇಶ ಕೇಳಿಲ್ಲದ ವೀರನ ಕೋಪ ಬರಿಯ ಕೋಪ; ಉಪದೇಶ ಕೇಳಿದವನ ಕೋಪ ಓದುಗನ ನಿದ್ದೆ ಕೆಡಿಸುತ್ತದೆ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ನದಿಗೆ ಬರೋಣ. ನಾನು ಇದನ್ನು ಬರೆಯುತ್ತಿರುವುದು ಹುಕ್ಕೇರಿಯಲ್ಲಿ. ನಮ್ಮ ತಾಲ್ಲೂಕಿನ ಹಿಡಕಲ್ಲಿನಲ್ಲಿ ಅಣೆಕಟ್ಟಿಗೆ ಸಿಕ್ಕ ಘಟಪ್ರಭೆಯು ಅಲ್ಲಿಂದ ಬಿಡುಗಡೆ ಹೊಂದಿ, ಗೋಕಾಕದಲ್ಲಿ ಸುಮಾರು ೫೨ ಮೀಟರ್ ಎತ್ತರದಿಂದ ಧುಮುಕಿ, ಮೂಡಲಗಿಯ ಸೀಮೆಯನ್ನು ತೋಯಿಸಿ ಮುಧೋಳಕ್ಕೆ ಹೋಗುತ್ತದೆ. ಹಿಡಕಲ್ಲಿನಲ್ಲಿ ಬಾಗಿಲು ತೆರೆದರೆ ಮುಧೋಳದ ಕಡೆಯ ಸೇತುವೆಗಳಿಗೆ ನೀರು ಬರುತ್ತದೆ. ಈ ಮುಧೋಳವೇ, ಹಿಂದಿನ ಮುದುವೊಳಲೇ, ರನ್ನನ ಹುಟ್ಟೂರು. ಜಿನವಲ್ಲಭೇಂದ್ರ, ಅಬ್ಬಲಬ್ಬೆ ಎಂಬ ಬಳೆಗಾರ ದಂಪತಿಗಳ ಮಗ ಅವನು. ಹುಟ್ಟಿದ್ದು ೯೪೯ರಲ್ಲಿ ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ವಿದ್ಯೆಯ ಹಂಬಲದಿಂದ ದಕ್ಷಿಣದ ಗಂಗರ ನಾಡಿಗೆ ಹೋಗಿ ಚಾವುಂಡರಾಯನ ಆಶ್ರಯ ಪಡೆದ. ಅಜಿತಸೇನಾಚಾರ್ಯರು ಅವನ ಗುರುಗಳು. ಸುಮಾರು ೯೮೧ರಲ್ಲಿ ಶ್ರವಣಬೆಳ್ಗೊಳದ ಬೆಟ್ಟದ ಮೇಲೆ ಬಾಹುಬಲಿಯನ್ನು ನಿಲ್ಲಿಸಿದವನು ಇದೇ ಚಾವುಂಡರಾಯ. ಅದೇ ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯು ಪ್ರಾಕೃತದಲ್ಲಿ ‘ಗೊಮ್ಮಟಸಾರ’ವನ್ನು ರಚಿಸಿದ. ರನ್ನನು ನೇಮಿಚಂದ್ರನ ಪಾದದ ಬಳಿ ಕುಳಿತು ಪಾಠ ಹೇಳಿಸಿಕೊಂಡನೆಂದು ನಾನು ಹೇಳುತ್ತಿಲ್ಲ. ಇಬ್ಬರೂ ಉಸಿರಾಡಿದ ಗಾಳಿ ಒಂದೇ ಎಂದಷ್ಟೇ ನನ್ನ ಮಾತು.

ಆ ‘ಗೊಮ್ಮಟಸಾರ’ದಲ್ಲಿ ಕಷಾಯಗಳ ವಿಚಾರ ಬರುತ್ತದೆ. ಆತ್ಮಕ್ಕೆ ಅಂಟಿಕೊಂಡು ಅದನ್ನು ಕಟ್ಟಿಹಾಕುವ ಕಷಾಯಗಳು ನಾಲ್ಕು: ಕ್ರೋಧ, ಮಾನ, ಮಾಯೆ, ಲೋಭ. ಒಂದೊಂದಕ್ಕೂ ನಾಲ್ಕು ಮೆಟ್ಟಿಲು. ಕ್ರೋಧವು ಕಲ್ಲಿನ ಮೇಲಿನ ಗೆರೆ, ನೆಲದ ಮೇಲಿನ ಗೆರೆ, ಧೂಳಿನ ಮೇಲಿನ ಗೆರೆ, ನೀರಿನ ಮೇಲಿನ ಗೆರೆ ಎಂದು ನಾಲ್ಕು ತೆರ. ಬೇಗ ಅಳಿಸುವುದು ಹಗುರ; ಅಳಿಸಲಾರದ್ದು ನರಕಕ್ಕೆ ದಾರಿ. ಮಾನಕ್ಕೆ ಬೇರೆ ಹೋಲಿಕೆ: ಕಲ್ಲು, ಎಲುಬು, ಕಟ್ಟಿಗೆ, ಬೆತ್ತ. ಬೆತ್ತ ಬಾಗುತ್ತದೆ, ಕಲ್ಲು ಬಾಗುವುದಿಲ್ಲ. ನೇಮಿಚಂದ್ರನಿಗಿಂತ ಬಹಳ ಹಿಂದಿನಿಂದಲೂ ಬಂದ ಹೋಲಿಕೆಗಳಿವು. ಜೈನ ಮನೆಗಳಲ್ಲಿ ಮಕ್ಕಳಿಗೂ ಪರಿಚಿತ. ಭಾದ್ರಪದ ಶುದ್ಧ ಪಂಚಮಿಯಿಂದ ಹತ್ತು ದಿನ ನಮ್ಮ ಜಿಲ್ಲೆಯ ಬಸದಿಗಳಲ್ಲಿ ದಶಲಕ್ಷಣ ಪರ್ವ ನಡೆಯುತ್ತದೆಯಲ್ಲ, ಅದರ ಮೊದಲ ದಿನ ಕ್ಷಮೆಗೆ, ಎರಡನೆಯ ದಿನ ಮಾರ್ದವಕ್ಕೆ, ಎಂದರೆ ಮೆತ್ತಗಾಗುವುದಕ್ಕೆ, ಮೀಸಲು. ಕ್ರೋಧಕ್ಕೆ ಮದ್ದು ಮೊದಲನೆಯದು, ಮಾನಕ್ಕೆ ಮದ್ದು ಎರಡನೆಯದು. ಒಂದು ವರ್ಷ ಎರಡನೆಯ ದಿನದ ಪ್ರವಚನಕ್ಕೆ ಸ್ನೇಹಿತರೊಬ್ಬರ ಜೊತೆ ನಾನೂ ಹೋಗಿದ್ದೆ. ಶಾಸ್ತ್ರಿಗಳು ಮಾನಕಷಾಯಕ್ಕೆ ದೃಷ್ಟಾಂತವಾಗಿ ರಾವಣನನ್ನೂ ದುರ್ಯೋಧನನನ್ನೂ ತೆಗೆದುಕೊಂಡರು. ಹೊರಗೆ ಬಂದಾಗ ಒಬ್ಬ ಮುದುಕರು, “ಬಾಗಿದ್ದರ ಬದುಕತಿದ್ದ ಖರೆ, ಆದರ ಬಾಗಿದ್ದರ ದುರ್ಯೋಧನ ಹ್ಯಾಂಗ ಆಕ್ಕಿದ್ದ?” ಎಂದರು. ಅವರು ರನ್ನನನ್ನು ಓದಿದ್ದರೋ ಇಲ್ಲವೋ. ‘ಗದಾಯುದ್ಧ’ದ ಒಳಗಿನ ಇಕ್ಕಟ್ಟು ಆ ಮಾತಿನಲ್ಲಿತ್ತು.

ಪಂಪನು ೯೪೧ರಲ್ಲಿ ಎರಡು ಕಾವ್ಯ ಬರೆದು, ಒಂದರಲ್ಲಿ ಲೌಕಿಕವನ್ನೂ ಇನ್ನೊಂದರಲ್ಲಿ ಜಿನಾಗಮವನ್ನೂ ಬೆಳಗುತ್ತೇನೆಂದು ಹೇಳಿ ಒಂದು ಮೇಲ್ಪಂಕ್ತಿ ಹಾಕಿದ. ರನ್ನನೂ ಅದೇ ಜಾಡಿನಲ್ಲಿ ನಡೆದ. ೯೯೩ರ ‘ಅಜಿತಪುರಾಣ’ವನ್ನು ಬರೆಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ, ಗಂಡ ನಾಗದೇವನು ತೀರಿಕೊಂಡ ಮೇಲೆ ವ್ರತ-ದಾನಗಳಲ್ಲಿ ಬಾಳಿದವಳು, ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿ ಮಾಡಿಸಿ ಹಂಚಿದವಳು. ‘ಗದಾಯುದ್ಧ’ದ ನಾಯಕ ಭೀಮನಲ್ಲಿ ಚಾಳುಕ್ಯ ಸತ್ಯಾಶ್ರಯ ಇರಿವಬೆಡಂಗನನ್ನು ಕವಿ ಕಂಡಿದ್ದಾನೆ. ಒಂದು ಕಡೆ ವಿಧವೆಯಾದ ಶ್ರಾವಕಿ, ಇನ್ನೊಂದು ಕಡೆ ಕತ್ತಿ ಹಿಡಿದ ಅರಸ. ಈ ಎರಡು ಮನೆಗಳಲ್ಲಿಯೂ ‘ಮಾನ’ ಎಂಬ ಶಬ್ದ ಬಳಕೆಯಲ್ಲಿತ್ತು. ಆದರೆ ಅರಸನ ಓಲಗದಲ್ಲಿ ಅದು ಹೊಗಳಿಕೆ, ಬಸದಿಯಲ್ಲಿ ಅದು ಕಷಾಯ. ರನ್ನನು ಬೆಳಿಗ್ಗೆ ಒಂದು ಅರ್ಥದಲ್ಲಿಯೂ ಸಂಜೆ ಇನ್ನೊಂದು ಅರ್ಥದಲ್ಲಿಯೂ ಆ ಶಬ್ದವನ್ನು ಕೇಳಿದವನು. ಅವನ ದುರ್ಯೋಧನನು ಮಾನಧನನೆನಿಸಿಕೊಂಡಾಗಲೆಲ್ಲ ಈ ಎರಡು ಅರ್ಥಗಳೂ ಒಟ್ಟಿಗೆ ನುಡಿಯುತ್ತವೆಯೆಂದು ನನಗೆ ತೋರುತ್ತದೆ. ಲೌಕಿಕಕಾವ್ಯವೆಂದ ಮಾತ್ರಕ್ಕೆ ಆಗಮವು ಬಾಗಿಲ ಹೊರಗೆ ಉಳಿಯಿತೆಂದು ತಿಳಿಯಬೇಕಾಗಿಲ್ಲ.

ಇದಕ್ಕೆ ಪುರಾವೆ ಏನು ಎಂದು ಕೇಳುವುದು ನ್ಯಾಯ. ‘ಗದಾಯುದ್ಧ’ದಲ್ಲಿ ಜೈನಸಿದ್ಧಾಂತದ ಉಪದೇಶವೆಲ್ಲಿಯೂ ಇಲ್ಲ, ಕಥೆ ಭಾರತದ್ದು, ಪಂಪನ ‘ವಿಕ್ರಮಾರ್ಜುನ ವಿಜಯ’ದ ಹದಿಮೂರನೆಯ ಆಶ್ವಾಸವೇ ಅದರ ಬೀಜ, ಸಂಸ್ಕೃತ ನಾಟಕಗಳ ಗಾಳಿಯೂ ಬೀಸಿದೆ. ಪುರಾವೆ ಇರುವುದು ರನ್ನನ ಎರಡು ಕಾವ್ಯಗಳನ್ನು ಅಕ್ಕಪಕ್ಕದಲ್ಲಿಟ್ಟಾಗ. ಎರಡರಲ್ಲಿ ಯಾವುದು ಮೊದಲೆಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ನನ್ನ ವಾದಕ್ಕೆ ಅದರಿಂದ ಬಾಧಕವೂ ಇಲ್ಲ.

‘ಅಜಿತಪುರಾಣ’ದ ಉತ್ತರಭಾಗದಲ್ಲಿ ಸಗರ ಚಕ್ರವರ್ತಿಯ ಕಥೆ ಬರುತ್ತದೆ. ಸಗರನ ಅರವತ್ತು ಸಾವಿರ ಮಕ್ಕಳು ಕೈಲಾಸಗಿರಿಯ ಸುತ್ತ ಅಗಳು ತೋಡಲು ಹೋಗಿ ಸತ್ತುಬಿದ್ದರೆಂಬ ಸುದ್ದಿ ಅವನಿಗೆ ಮುಟ್ಟಬೇಕು. ಅವನ ಹಿಂದಿನ ಜನ್ಮದ ಗೆಳೆಯನಾದ ದೇವತೆ ಮಣಿಕೇತು ಮುದಿ ಬ್ರಾಹ್ಮಣನ ವೇಷದಲ್ಲಿ, ಸತ್ತ ಮಗನನ್ನು ಹೊತ್ತು, ಬದುಕಿಸಿಕೊಡೆಂದು ಓಲಗಕ್ಕೆ ಬರುತ್ತಾನೆ. ಸಾವನ್ನು ಮೀರಿದವರಾರು ಎಂದು ಚಕ್ರವರ್ತಿ ಮುದುಕನಿಗೆ ಸಮಾಧಾನ ಹೇಳುತ್ತಾನೆ. ಹಾಗಾದರೆ ನೀನೂ ಕೇಳಿಕೊ, ನಿನ್ನ ಮಕ್ಕಳೂ ಉಳಿದಿಲ್ಲ ಎಂದು ಮುದುಕ ಆ ಮಾತನ್ನೇ ಅವನ ಕಡೆ ತಿರುಗಿಸುತ್ತಾನೆ. ಸಗರನು ಕುಸಿಯುತ್ತಾನೆ, ಎಚ್ಚತ್ತು ಸಿಂಹಾಸನ ಬಿಟ್ಟು ದೀಕ್ಷೆ ವಹಿಸುತ್ತಾನೆ. ಬೆತ್ತ ಬಾಗಿತು.

ಈಗ ಕುರುಕ್ಷೇತ್ರಕ್ಕೆ ಬನ್ನಿ. ತಮ್ಮಂದಿರನ್ನೂ ಮಗನನ್ನೂ ಕಳೆದುಕೊಂಡ ಇನ್ನೊಬ್ಬ ಅರಸನು ಸಂಜಯನ ಕೈ ಹಿಡಿದು ಹೆಣಗಳ ಮೇಲೆ ಕಾಲಿಡುತ್ತ ನಡೆದಿದ್ದಾನೆ. ಸಗರನಿಗೆ ಸುದ್ದಿ ಮಾತ್ರ ಬಂತು. ದುರ್ಯೋಧನನು ಒಂದೊಂದು ಮುಖವನ್ನೂ ಕಣ್ಣಿನಿಂದ ನೋಡಬೇಕು. ಗುರು ದ್ರೋಣ ಬಿದ್ದಿದ್ದಾನೆ. ವೈರಿಯ ಮಗ ಅಭಿಮನ್ಯುವನ್ನು ಕಂಡಾಗ ದ್ವೇಷವನ್ನು ಮರೆತು ಅವನ ಶೌರ್ಯಕ್ಕೆ ಕೈ ಮುಗಿದು, ತನಗೂ ಇಂಥ ಸಾವು ಬರಲೆಂದು ಬಯಸುತ್ತಾನೆ. ಮಗ ಲಕ್ಷಣಕುಮಾರನ ಹೆಣದ ಮುಂದೆ, ತಂದೆಗೆ ತರ್ಪಣ ಬಿಡಬೇಕಾದವನು ಕ್ರಮ ತಪ್ಪಿಸಿದನೆಂದು ಮರುಗುತ್ತಾನೆ. ದುಶ್ಶಾಸನ, ಕರ್ಣ. ಕರ್ಣನೆದುರಿಗೆ ಅವನ ದುಃಖಕ್ಕೆ ಅಣೆಕಟ್ಟಿಲ್ಲ. ಈ ಒಂದು ನಡಿಗೆಗಾಗಿಯೇ ರನ್ನನ ಹೆಸರು ಉಳಿಯಲು ಸಾಕು. ಇಡೀ ಪ್ರಸಂಗದಲ್ಲಿ ಅವನು ಕಂಡದ್ದೆಲ್ಲ ಸಗರನ ಓಲಗದಲ್ಲಿ ಮುದುಕ ಹೇಳಿದ ಸತ್ಯವೇ. ತಂದೆತಾಯಿ ಸಂಧಿ ಮಾಡಿಕೊಳ್ಳೆಂದರು; ಸಂಜಯ ಹೇಳಿದ; ಶರಶಯ್ಯೆಯ ಮೇಲಿನ ಭೀಷ್ಮ ಹೇಳಿದ. ಜೈನಪುರಾಣವಾಗಿದ್ದರೆ ಇಲ್ಲಿ ವೈರಾಗ್ಯ ಹುಟ್ಟಬೇಕಾದ ಗಳಿಗೆ. ನೀಲಾಂಜನೆ ಕುಣಿಯುತ್ತ ಕುಣಿಯುತ್ತ ಕಣ್ಮರೆಯಾದಷ್ಟಕ್ಕೇ ಪಂಪನ ಆದಿದೇವನು ರಾಜ್ಯ ಬಿಟ್ಟು ಹೊರಟನಲ್ಲವೆ? ದುರ್ಯೋಧನನ ಮುಂದೆ ಹದಿನೆಂಟು ಅಕ್ಷೋಹಿಣಿ ಕಣ್ಮರೆಯಾಗಿದೆ. ಅವನು ಹೇಳುವುದು, ತಾನು ಹೋರುವುದು ನೆಲಕ್ಕಲ್ಲ, ಛಲಕ್ಕೆ ಎಂದು. ನೆಲದ ಲೋಭ ಹೋಗಿದೆ. ಅಷ್ಟರಮಟ್ಟಿಗೆ ಅವನೂ ತ್ಯಾಗಿಯೇ! ಉಳಿದದ್ದು ಮಾನ ಒಂದೇ. ಅದು ಕಲ್ಲಿನದು.

ಲೋಭ ಬಿಟ್ಟರೂ ಮಾನ ಬಿಡದು ಎಂಬುದು ಜೈನರ ಅನುಭವ. ಬಾಹುಬಲಿಯ ಕಥೆಯನ್ನೇ ನೆನೆಯಿರಿ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಗೆದ್ದು, ಅಣ್ಣ ಭರತನನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದಿದ್ದಾನೆ. ಈನಿಯಾಸನ ಗಳಿಗೆ ಅದು. ಸೋತವನು ಕೈಯಲ್ಲಿದ್ದಾನೆ, ಅಪ್ಪಳಿಸಬಹುದು. ಬಾಹುಬಲಿಯು ಮೆಲ್ಲಗೆ ಇಳಿಸುತ್ತಾನೆ, ರಾಜ್ಯವನ್ನೇ ಬಿಟ್ಟು ತಪಸ್ಸಿಗೆ ನಿಲ್ಲುತ್ತಾನೆ. ವರ್ಜಿಲನ ಈಟಿ ಹೋದ ದಾರಿಗೆ ಇದು ತದ್ವಿರುದ್ಧ. ಆದರೂ ನಿಂತವನಿಗೆ ಕೇವಲಜ್ಞಾನ ಬೇಗ ದೊರೆಯಲಿಲ್ಲ. ಅಣ್ಣನ ನೆಲದಲ್ಲಿ ನಿಂತಿದ್ದೇನೆಂಬ ಮಾನದ ಒಂದು ಎಳೆ ಉಳಿದಿತ್ತೆಂದು ನಮ್ಮ ನಾಡಿನ ಪರಂಪರೆ ಹೇಳುತ್ತದೆ. ರನ್ನನ ಆಶ್ರಯದಾತನು ಕಲ್ಲಿನಲ್ಲಿ ಕಡೆಸಿದ್ದು ಈ ಬಾಹುಬಲಿಯನ್ನು. ಆ ಕಲ್ಲನ್ನು ಕಂಡ ಕವಿಗೆ ಮಾನವೆಂದರೆ ಅಗ್ಗದ ದೋಷವಾಗಿ ತೋರಿರಲಾರದು. ದೊಡ್ಡವರನ್ನು ಕೊನೆಯವರೆಗೂ ಹಿಡಿದು ನಿಲ್ಲಿಸುವ ದೋಷ ಅದು.

ಬಿ.ಎಂ.ಶ್ರೀ. ಅವರು ೧೯೨೬ರಲ್ಲಿ ರನ್ನನ ಕಾವ್ಯದಿಂದ ‘ಗದಾಯುದ್ಧ ನಾಟಕಂ’ ರಚಿಸಿ, ದುರ್ಯೋಧನನನ್ನು ಗ್ರೀಕ್ ದುರಂತನಾಯಕರ ಸಾಲಿನಲ್ಲಿ ನಿಲ್ಲಿಸಿದರು. ನಾಗಚಂದ್ರನ ರಾವಣನಲ್ಲಿಯೂ ಅವರು ದುರಂತನಾಯಕನನ್ನೇ ಕಂಡರು. ಅವರ ಕಣ್ಣು ದೊಡ್ಡದು; ಅವರು ತೋರಿಸದಿದ್ದರೆ ನಾವು ಇಂದಿಗೂ ದುರ್ಯೋಧನನನ್ನು ಖಳನೆಂದೇ ಓದುತ್ತಿದ್ದೆವೋ ಏನೋ. ಆದರೆ ಅಲ್ಲಿಂದ ಮುಂದೆ ನಮ್ಮ ವಿಮರ್ಶೆಗೆ ಒಂದು ಸೋಮಾರಿತನ ಹಿಡಿಯಿತು. ಕನ್ನಡದ ಜೈನಕವಿಗಳು ಪ್ರತಿನಾಯಕರನ್ನು ಇಷ್ಟು ಮರುಕದಿಂದ ಏಕೆ ಕಂಡರು ಎಂಬ ಪ್ರಶ್ನೆಗೆ ಉತ್ತರವನ್ನು ಅಥೆನ್ಸಿನಿಂದ ತರಿಸಿಕೊಂಡೆವು. ಮನೆಯಲ್ಲಿಯೇ ಉತ್ತರವಿತ್ತು. ಜೈನರ ಎಣಿಕೆಯಲ್ಲಿ ಅರವತ್ತಮೂರು ಶಲಾಕಾಪುರುಷರುಂಟು; ಅವರಲ್ಲಿ ಒಂಬತ್ತು ಮಂದಿ ಪ್ರತಿವಾಸುದೇವರು, ಎಂದರೆ ಪ್ರತಿನಾಯಕರು. ರಾವಣನು ಅವರಲ್ಲೊಬ್ಬ. ತೀರ್ಥಂಕರರ ಜೊತೆಗೆ ಅದೇ ಪಟ್ಟಿಯಲ್ಲಿ ಇವರ ಹೆಸರು! ಇವರು ರಾಕ್ಷಸರಲ್ಲ, ಕಷಾಯಕ್ಕೆ ಸಿಕ್ಕ ಮಹಾಜೀವಗಳು. ಭಾರತಕಥೆಯಲ್ಲಿ ಆ ಸ್ಥಾನ ಜರಾಸಂಧನಿಗೆ ಹೋಗಿದೆ, ದುರ್ಯೋಧನನಿಗಲ್ಲ, ಇರಲಿ. ಪ್ರತಿನಾಯಕನನ್ನು ನೋಡುವ ಕಣ್ಣು ಅದರಿಂದ ಬದಲಾಗುವುದಿಲ್ಲ. ದುರಂತನಾಯಕನ ದೋಷ ಅವನನ್ನು ಕೆಡವಿ ಮುಗಿಯುತ್ತದೆ. ಜೈನದೃಷ್ಟಿಯಲ್ಲಿ ಕಷಾಯವು ಸಾವಿನೊಂದಿಗೂ ಮುಗಿಯುವುದಿಲ್ಲ. ಮುಂದಿನ ಹುಟ್ಟಿಗೂ ಜೊತೆಗೆ ಬರುತ್ತದೆ. ರನ್ನನ ಮರುಕಕ್ಕೆ ಗ್ರೀಕರದಕ್ಕಿಂತ ಹೆಚ್ಚಿನ ತೂಕ ಬಂದದ್ದು ಇದರಿಂದ.

ಭೀಷ್ಮನ ಮಾತಿನಂತೆ ದುರ್ಯೋಧನನು ವೈಶಂಪಾಯನ ಸರೋವರದಲ್ಲಿ ಅಡಗುತ್ತಾನೆ. ದಂಡೆಯ ಮೇಲೆ ಭೀಮನು ಗರ್ಜಿಸುತ್ತಾನೆ. ನೀರೊಳಗಿದ್ದವನಿಗೆ ಬೆವರು ಬರುತ್ತದೆ. ಕನ್ನಡ ಬಲ್ಲವರೆಲ್ಲರಿಗೂ ಗೊತ್ತಿರುವ ಚಿತ್ರ ಇದು. ಅತಿಶಯೋಕ್ತಿಗೆ ಉದಾಹರಣೆಯೆಂದು ಮೇಷ್ಟರು ಪಾಠ ಹೇಳುತ್ತಾರೆ. ಸಿದ್ಧಾಂತಿಗಳ ನಾಲ್ಕು ಗೆರೆಗಳನ್ನು ತಿಳಿದು ಓದಿದರೆ ಅದು ಬರಿಯ ಅಲಂಕಾರವಾಗಿ ಉಳಿಯುವುದಿಲ್ಲ. ನೀರಿನ ಗೆರೆ ಕ್ಷಣದಲ್ಲಿ ಅಳಿಸಬೇಕು. ಇಲ್ಲಿ ನೀರೇ ಮೈಸುತ್ತ ಇದ್ದರೂ ಒಳಗಿನ ಕಲ್ಲಿನ ಗೆರೆ ಅಳಿಸಲಿಲ್ಲ, ಬಿಸಿಯೂ ಆರಲಿಲ್ಲ. ರನ್ನನು ಇದನ್ನು ಬೇಕೆಂದೇ ಹೂಡಿದನೆಂದು ಆಣೆ ಮಾಡಿ ಹೇಳಲಾರೆ. ಒಳ್ಳೆಯ ಕವಿಯಲ್ಲಿ ತತ್ತ್ವವು ಬೇಕೆಂದು ಕರೆಯದಿದ್ದರೂ ಬರುತ್ತದೆ.

ಮುಂದಿನದು ಎಲ್ಲರಿಗೂ ಗೊತ್ತು. ಗದೆಯು ತೊಡೆಗೆ ಬೀಳುತ್ತದೆ. ಈನಿಯಾಸನ ಈಟಿ ಹಾಯ್ದ ಜಾಗವೇ. ಆದರೆ ಎರಡು ಭೇದಗಳಿವೆ. ಟರ್ನಸನು ಕೈ ಚಾಚಿ ಬೇಡಿದ, ದುರ್ಯೋಧನನು ಬೇಡುವುದಿಲ್ಲ. ಈನಿಯಾಸನ ಕೋಪಕ್ಕೆ ಒಂದು ಕ್ಷಣ ಹಿಡಿಯಿತು, ಪಟ್ಟಿ ಕಂಡಾಗ ಹೊತ್ತಿತು; ಭೀಮನ ಕೋಪಕ್ಕೆ ಹದಿಮೂರು ವರ್ಷದ ವಯಸ್ಸು, ದ್ರೌಪದಿಯ ಬಿಚ್ಚಿದ ಮುಡಿಯೇ ಅದರ ಸಾಕ್ಷಿ. ತೊಡೆ ಮುರಿದರೆ ಪ್ರತಿಜ್ಞೆ ಅರ್ಧ ಮಾತ್ರ ತೀರಿತು. ಭೀಮನು ಕಾಲೆತ್ತಿ ಬಿದ್ದವನ ಕಿರೀಟವನ್ನು ಒದೆಯುತ್ತಾನೆ. ಬಲರಾಮನು ಕೆರಳಿ ಎದ್ದುಹೋಗುತ್ತಾನೆ. ಭಾಸನ ‘ಊರುಭಂಗ’ದಲ್ಲಿ, ಭೀಮ ಬಿದ್ದಾಗ ಹೊಡೆಯದೆ ತಡೆದು ನಿಂತವನು ದುರ್ಯೋಧನನೇ. ಅದನ್ನು ನೆನೆದರೆ ಈ ಒದೆ ಇನ್ನಷ್ಟು ಕಹಿಯಾಗುತ್ತದೆ. ಬೆಳ್ಗೊಳದ ಬಾಹುಬಲಿಯನ್ನು ಬಲ್ಲ ಕವಿ, ತನ್ನ ಅರಸನನ್ನೇ ನಾಯಕನೊಳಗೆ ಆವಾಹಿಸಿ, ಆ ನಾಯಕನ ಕಾಲನ್ನು ಬಿದ್ದವನ ತಲೆಯ ಮೇಲಿರಿಸಿದ್ದಾನೆ. ಓಲಗದಲ್ಲಿ ಅದು ಪ್ರತಿಜ್ಞಾಪೂರ್ತಿ. ಬಸದಿಯಲ್ಲಿ ಕಲ್ಲಿನ ಮೇಲಿನ ಗೆರೆ. ರನ್ನನು ಎರಡರಲ್ಲಿ ಯಾವುದನ್ನೂ ಬಿಡಿಸಿ ಹೇಳಲಿಲ್ಲ. ಅರಸನ ಅನ್ನ ಉಂಡವನು ಹೇಳುವಂತೆಯೂ ಇರಲಿಲ್ಲ. ಆದರೆ ಕಾವ್ಯವನ್ನು ಮುಚ್ಚಿಟ್ಟ ಮೇಲೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಗೆದ್ದವನೋ ಬಿದ್ದವನೋ? ನೂರು ವರ್ಷಗಳಿಂದ ವಿಮರ್ಶಕರು ಈ ಕಾವ್ಯದ ನಾಯಕ ಯಾರೆಂದು ಜಗಳವಾಡುತ್ತಿರುವುದೇ ಅದಕ್ಕೆ ಉತ್ತರ.

ವರ್ಜಿಲನಿಗೆ ಒಂದು ಅನುಕೂಲವಿತ್ತು. ಅವನು ಒಂದು ದರ್ಶನದಿಂದ ಇನ್ನೊಂದಕ್ಕೆ ಸರಿಯಬಲ್ಲವನು. ಬೇಕಾದಲ್ಲಿ ಸ್ಟೋಯಿಕ, ಬೇಕಾದಲ್ಲಿ ಪ್ಲೇಟೋವಾದಿ. ಕಾವ್ಯ ತಿದ್ದಿ ಮುಗಿದ ಮೇಲೆ ಉಳಿದ ಆಯುಷ್ಯವನ್ನೆಲ್ಲ ತತ್ತ್ವಚಿಂತನೆಗೇ ಕೊಡಬೇಕೆಂದಿದ್ದನೆಂದೂ, ಅಷ್ಟರಲ್ಲಿ ಕ್ರಿಸ್ತಪೂರ್ವ ೧೯ರಲ್ಲಿ ತೀರಿಕೊಂಡನೆಂದೂ ಪ್ರಾಚೀನ ಚರಿತ್ರಕಾರರು ಹೇಳುತ್ತಾರೆ. ಸಾಯುವಾಗ ಕಾವ್ಯವನ್ನು ಸುಟ್ಟುಬಿಡಿ ಎಂದನಂತೆ. ಅಗಸ್ಟಸ್ ಚಕ್ರವರ್ತಿ ಉಳಿಸಿದ. ರನ್ನನಿಗೆ ಅಂಥ ಬಿಡುವಿಲ್ಲ, ಅನುಮಾನವೂ ಇಲ್ಲ. ಅವನು ಹುಟ್ಟು ಜೈನ. ಕಷಾಯ ಅವನಿಗೆ ವಾದದ ವಿಷಯವಲ್ಲ, ಮನೆಯ ಮಾತು. ಈ ಕಾರಣದಿಂದಲೇ ಅವನ ‘ಅಜಿತಪುರಾಣ’ ಕಾವ್ಯವಾಗಿ ಕೆಳಗೆ ನಿಂತಿತೆಂದು ನನ್ನ ಅಭಿಪ್ರಾಯ. ಅಲ್ಲಿ ಕೇಳುವವನು ಮೊದಲೇ ಒಪ್ಪಿಕೊಳ್ಳಲು ಸಿದ್ಧನಾಗಿರುತ್ತಾನೆ. ಸಗರನ ಓಲಗಕ್ಕೆ ಹೆಣ ಹೊತ್ತು ಬಂದ ಮುದುಕನನ್ನು ಬಿಟ್ಟರೆ ನನ್ನ ಮನಸ್ಸನ್ನು ಹಿಡಿದು ಅಲುಗಿಸಿದ ಪಾತ್ರ ಅದರಲ್ಲಿ ಕಡಿಮೆ. ನಂಬಿದ ಸತ್ಯವನ್ನು ಕೇಳದವನ ಮುಂದಿಟ್ಟಾಗ ರನ್ನನ ಪ್ರತಿಭೆ ಏಳುತ್ತದೆ. ಒಂದು ಸಾವಿರ ವರ್ಷದ ಮೇಲೆ ಕುವೆಂಪು ಅವರು ‘ದಶಾನನ ಸ್ವಪ್ನಸಿದ್ಧಿ’ಯಲ್ಲಿ ರಾವಣನ ಮನಸ್ಸನ್ನು ತಿರುಗಿಸಿದರು, ದರ್ಶನವು ಅಲ್ಲಿ ಪ್ರತಿನಾಯಕನನ್ನು ಉದ್ಧರಿಸುತ್ತದೆ. ಕಾವ್ಯ ಎತ್ತರದ್ದು, ಒಪ್ಪಬೇಕು. ಆದರೂ ಬಾಗಿದ ರಾವಣನಿಗಿಂತ ಬಾಗದ ದುರ್ಯೋಧನನೇ ನನಗೆ ಹತ್ತಿರದವನು. ಬಸದಿಯ ಹೊರಗೆ ಸಿಕ್ಕ ಮುದುಕರ ಮಾತು ಆಗ ನೆನಪಾಗುತ್ತದೆ.

ರನ್ನನಲ್ಲಿ ಒಂದು ಕುಂದನ್ನೂ ಹೇಳಬೇಕು. ವರ್ಜಿಲನು ಕತ್ತಿ ಇಳಿದೊಡನೆ ಲೇಖನಿ ಕೆಳಗಿಟ್ಟ. ರನ್ನನು ಒದೆ ಬಿದ್ದ ಮೇಲೂ ಬಹಳ ಕೆಲಸ ಇಟ್ಟುಕೊಂಡಿದ್ದಾನೆ: ದ್ರೌಪದಿಯ ಮುಡಿ ಕಟ್ಟಿಸಬೇಕು, ಧರ್ಮರಾಯನಿದ್ದರೂ ಭೀಮನಿಗೇ ಪಟ್ಟ ಕಟ್ಟಬೇಕು, ಏಕೆಂದರೆ ಭೀಮನೆಂದರೆ ಸತ್ಯಾಶ್ರಯ. ‘ಗದಾಯುದ್ಧ’ವನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಟ್ಟಿಲ್ಲ. ಪಟ್ಟಾಭಿಷೇಕದ ಪದ್ಯಗಳನ್ನು ಮಾತ್ರ ಎರಡನೆಯ ಸಲ ಓದಿಲ್ಲ.